ದ್ರಾಕ್ಷೆಯ ಫಸಲು ನಿಶ್ಚಯವಾಗುವ ಕಾಲ

ವಿಜಯಪುರ ಸೀಮೆಯ ದ್ರಾಕ್ಷೆತೋಟಗಳಲ್ಲಿ ವರುಷಕ್ಕೆರಡು ಬಾರಿ ಬಳ್ಳಿಯನ್ನು ಸವರುವರು. ಏಪ್ರಿಲ್ ತಿಂಗಳಿನ ಸವರುವಿಕೆಯಿಂದ ಕಡ್ಡಿಯೂ, ಅಕ್ಟೋಬರ್ ತಿಂಗಳಿನದರಿಂದ ಫಲವೂ ದೊರೆಯುವುವು. ಅಕ್ಟೋಬರಿನ ತರುವಾಯ ಗೊಂಚಲುಗಳು ವಿರಳವಾಗಿ ತೋರಿದರೆ ಆಗಿನ ಗೊಬ್ಬರವನ್ನಾಗಲಿ ಹವೆಯನ್ನಾಗಲಿ ದೂರುವುದು ವಾಡಿಕೆ. ಆದರೆ ಕೊರತೆಯ ಮೂಲವು ಬಹುಮಟ್ಟಿಗೆ ಬೇಸಗೆಯಲ್ಲಿರುತ್ತದೆ. ಏಪ್ರಿಲ್ ಸವರುವಿಕೆಯಾದ ಸುಮಾರು 40ರಿಂದ 60 ದಿವಸಗಳ ಅವಧಿಯಲ್ಲಿ, ಎಳೆಗಡ್ಡಿಯ ಮೊಗ್ಗಿನೊಳಗೆ ಮುಂದಿನ ಫಸಲು ರೂಪುಗೊಳ್ಳುತ್ತದೆ.

ಮೊಗ್ಗಿನಲ್ಲಿ ಹುಟ್ಟುವ ಅಂಕುರವು ಹೂಗೊಂಚಲಾಗಬಹುದು; ಇಲ್ಲವೆ ಆಸರೆಗೆ ಸುತ್ತಿಕೊಳ್ಳುವ ನುಲಿಬಳ್ಳಿಯಾಗಬಹುದು. ಇದನ್ನು ನಿರ್ಧರಿಸುವುದರಲ್ಲಿ ಹಾರ್ಮೋನುಗಳೆಂಬ ಸಸ್ಯಚೋದಕಗಳ ಪಾತ್ರವು ಮುಖ್ಯವಾದುದು. ಸೈಟೊಕೈನಿನ್ ಪ್ರಬಲವಾದಲ್ಲಿ ಅಂಕುರವು ಕವಲೊಡೆದು ಹೂಗೊಂಚಲಾಗುತ್ತದೆ. ಜಿಬ್ಬರೆಲಿನ್ ಪ್ರಬಲವಾದಲ್ಲಿ ನುಲಿಬಳ್ಳಿಯಾಗುತ್ತದೆ. ಪಿನೋ ಮ್ಯೂನಿಯೆ ತಳಿಯಿಂದ ಪಡೆದ, ಜಿಬ್ಬರೆಲಿನ್ನಿಗೆ ಓಗೊಡದ ಕುಬ್ಜ ಬಳ್ಳಿಯು ನುಲಿಬಳ್ಳಿಗಳಿರತಕ್ಕ ಸ್ಥಾನಗಳಲ್ಲಿ ಹೂಗೊಂಚಲುಗಳನ್ನೇ ಬಿಡುವುದೆಂದು ಆಸ್ಟ್ರೇಲಿಯಾದ ಬಾಸ್ ಮತ್ತು ಥಾಮಸ್ ಎಂಬ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ಕಾಯಿ ದಪ್ಪವಾಗಲೆಂದು ಥಾಮ್ಸನ್ ಸೀಡ್‌ಲೆಸ್ ಗೊಂಚಲುಗಳಿಗೆ ನಾವು ಕೊಡುವುದೂ ಜಿಬ್ಬರೆಲಿನ್ನನ್ನೇ. ಕಾಯಿಗೆ ಹಿತವಾದುದು ಮೊಗ್ಗಿಗೆ ಹಿತವಲ್ಲ.

ಬೇಸಗೆಯಲ್ಲಿ ಜಿಬ್ಬರೆಲಿನ್ನಿನ ಉತ್ಪತ್ತಿಯನ್ನು ತಡೆಯಲು ಕ್ಲೋರ್ಮೆಕ್ವಾಟ್ ಎಂಬ ಔಷಧವನ್ನು ಸಿಂಪಡಿಸುವುದುಂಟು. ಅದರಲ್ಲಿ ಗುಣವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ 2010ರಲ್ಲಿ ಹಣ್ಣಿನಲ್ಲಿ ಅದರ ಶೇಷಾಂಶವು ಕಂಡುಬಂದು, ಯೂರೋಪಿಗೆ ಹೋದ ಭಾರತದ ದ್ರಾಕ್ಷೆಯು ತಿರಸ್ಕೃತವಾಗಿ ಬೆಳೆಗಾರರು ನಷ್ಟಕ್ಕೊಳಗಾದುದನ್ನು ಮರೆಯಲಾಗದು. ಆದುದರಿಂದ ಬೇಸಾಯದ ಕ್ರಮವು ಮೊದಲು, ಔಷಧವು ಅನಂತರ ಎಂಬುದೇ ನಮ್ಮ ಖಚಿತವಾದ ಅಭಿಪ್ರಾಯ.

ನೆರಳಿನಲ್ಲಿ ಬೆಳೆದ ಮೊಗ್ಗು ಬರಡಾಗುವ ಸಂಭವ ಹೆಚ್ಚು. ಅತಿಯಾದ ನೀರೂ ಯೂರಿಯಾವೂ ಕಡ್ಡಿಯನ್ನು ಸೊಕ್ಕಿಸಿ ಚಪ್ಪರವನ್ನು ಕತ್ತಲಾಗಿಸುತ್ತವೆ. ಆ ದಿವಸಗಳಲ್ಲಿ ಕಡ್ಡಿಗಳನ್ನು ವಿರಳಗೊಳಿಸಿ, ತುದಿಗಳನ್ನು ಚಿವುಟಿ, ಮೊಗ್ಗುಗಳಿಗೆ ಬೆಳಕು ತಾಗುವಂತೆ ಮಾಡತಕ್ಕದ್ದು. ನೀರನ್ನೂ ಯೂರಿಯಾವನ್ನೂ ಮಿತಗೊಳಿಸತಕ್ಕದ್ದು. ಅಕ್ಟೋಬರಿಗೆ ಮುಂಚೆ ಕೆಲವು ಕಡ್ಡಿಗಳ ಮೊಗ್ಗುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ, ಯಾವ ಮೊಗ್ಗಿನಲ್ಲಿ ಗೊಂಚಲಿದೆಯೆಂಬುದು ತಿಳಿದು, ಅದನ್ನು ಉಳಿಸಿಕೊಂಡು ಸವರಲು ಸಾಧ್ಯವಾಗುತ್ತದೆ.

ದ್ರಾಕ್ಷೆಯ ತೋಟಕ್ಕೆ ಹೂಡುವ ಬಂಡವಾಳವು ಸಣ್ಣದಲ್ಲ. ಸಾಲ ಮಾಡಿ ಬೆಳೆದವನಿಗೆ ಒಂದು ಫಸಲು ತಪ್ಪಿದರೂ ಚೇತರಿಸಿಕೊಳ್ಳಲು ವರುಷಗಳು ಬೇಕು. ಗ್ರಾಮದ ಮುಖಂಡರೂ ಭೂಮಾಲೀಕರೂ ಬೇಸಗೆಯಲ್ಲಿಯೇ ತೋಟಗಳನ್ನು ಸುತ್ತಿ ನೋಡಿ, ಚಪ್ಪರದ ಕೆಳಗೆ ದಟ್ಟ ನೆರಳು ಕಂಡಲ್ಲಿ ನೆರೆಯ ರೈತರಿಗೆ ಈ ವಿಷಯವನ್ನು ತಿಳಿಯಹೇಳಬೇಕೆಂದು ಕೋರುತ್ತೇವೆ.