ನಮ್ಮ ಸಂಖ್ಯೆ ಏಕೆ ಬೆಳೆಯುತ್ತಿಲ್ಲ? ಗಣತಿಗೆ ಮುನ್ನ ಸಮಾಜ ಯೋಚಿಸಬೇಕಾದ ಮಾತು



ಯಾವ ಸಭೆಗೆ ಹೋದರೂ ಈಗ ಒಂದು ಮಾತು ಕೇಳಿಬರುತ್ತದೆ: ‘ಜೈನರು ಕಡಿಮೆಯಾಗುತ್ತಿದ್ದಾರೆ, ಮೂರು ಮಕ್ಕಳನ್ನು ಹೆರಬೇಕು.’ ಚಪ್ಪಾಳೆಯೂ ಬೀಳುತ್ತದೆ. ಆದರೆ ವ್ಯಾಪಾರಿಯಾದ ನನಗೆ ಲೆಕ್ಕ ನೋಡದೆ ಮಾತಾಡುವುದು ಸರಿ ಕಾಣುವುದಿಲ್ಲ. ಮೊದಲು ಲೆಕ್ಕ ನೋಡೋಣ.

2001ರ ಜನಗಣತಿಯಲ್ಲಿ ಕರ್ನಾಟಕದ ಜೈನರು 4,12,659. 2011ರಲ್ಲಿ 4,40,280. ಹತ್ತು ವರ್ಷಗಳಲ್ಲಿ ಶೇ. 6.7ರಷ್ಟು ಬೆಳವಣಿಗೆ. ಅದೇ ಅವಧಿಯಲ್ಲಿ ರಾಜ್ಯದ ಜನಸಂಖ್ಯೆ ಶೇ. 15.6ರಷ್ಟು ಬೆಳೆಯಿತು. ಅಂದರೆ ನಮ್ಮ ತಲೆ ಎಣಿಕೆ ಹೆಚ್ಚಿದೆ, ಆದರೆ ರಾಜ್ಯದಲ್ಲಿ ನಮ್ಮ ಪಾಲು ಶೇ. 0.78ರಿಂದ 0.72ಕ್ಕೆ ಇಳಿದಿದೆ. ಇಡೀ ದೇಶದಲ್ಲಿ 2011ರಲ್ಲಿ ನಾವು 44,51,753 ಮಂದಿ, ಶೇ. 0.37 ಮಾತ್ರ.

ಇದಕ್ಕೆ ಕಾರಣ ಒಂದಲ್ಲ. ಮೊದಲನೆಯದು, ಗಣತಿಯಲ್ಲೇ ನಾವು ಬಿಟ್ಟುಹೋಗುವುದು. ದೇಶದಲ್ಲಿ 1981ರಿಂದ 1991ರವರೆಗೆ ಜೈನರ ಬೆಳವಣಿಗೆ ಶೇ. 4.5ರ ಆಸುಪಾಸು. ಮುಂದಿನ ಹತ್ತು ವರ್ಷಗಳಲ್ಲಿ ಒಮ್ಮೆಲೇ ಶೇ. 26. ಮತ್ತೆ 2011ಕ್ಕೆ ಶೇ. 5.4. ಒಂದೇ ದಶಕದಲ್ಲಿ ಹೆರಿಗೆಗಳು ಅಷ್ಟು ಏರಿ ಮತ್ತೆ ಇಳಿಯಲು ಸಾಧ್ಯವೇ? ಇಲ್ಲ. ಧರ್ಮದ ಕಾಲಮ್ಮಿನಲ್ಲಿ ‘ಜೈನ’ ಎಂದು ಬರೆಸಿದವರು ಒಮ್ಮೆ ಹೆಚ್ಚಾದರು ಎಂದೇ ತಿಳಿಯಬೇಕು.

ನಮ್ಮ ರಾಜ್ಯದಲ್ಲಿ ಈ ತೊಂದರೆ ಹೆಚ್ಚು. ಬೆಳಗಾವಿ ಕಡೆಯ ನಮ್ಮವರು ಪಾಟೀಲ, ದೇಸಾಯಿ, ಚೌಗುಲೆ. ತುಳುನಾಡಿನವರು ಹೆಗ್ಡೆ, ಬಲ್ಲಾಳ. ಅಡ್ಡಹೆಸರು ಕೇಳಿದವರಿಗೆ ನಾವು ಜೈನರೆಂದು ಗೊತ್ತಾಗುವುದಿಲ್ಲ. 2011ರಲ್ಲಿ ಗಣತಿದಾರರು ನಮ್ಮ ಮನೆಗೆ ಬಂದಾಗ ನಾನು ಅಂಗಡಿಯಲ್ಲಿದ್ದೆ. ಹೆಸರು ಬರೆದುಕೊಂಡು, ಧರ್ಮ ಯಾವುದೆಂದು ಕೇಳದೆಯೇ ಮುಂದಿನ ಪ್ರಶ್ನೆಗೆ ಹೋದರಂತೆ. ಮನೆಯವರು ಹೇಳಿದ್ದರಿಂದ ಸಂಜೆ ನಾನೇ ಹೋಗಿ ತಿದ್ದಿಸಿದೆ. ಅವರು ಬೇಸರಿಸದೆ ತಿದ್ದಿದರು. ಕೇಳದೆ ಸುಮ್ಮನಿದ್ದ ಮನೆಗಳು ಎಷ್ಟೋ!

ಎರಡನೆಯ ಕಾರಣ, ಹುಟ್ಟುವ ಮಕ್ಕಳೇ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಜೈನ ಮಹಿಳೆಗೆ ಸರಾಸರಿ 1.6 ಮಕ್ಕಳು, ದೇಶದ ಸರಾಸರಿ 2.0. ಒಂದು ಸಮಾಜ ಇದ್ದಷ್ಟೇ ಉಳಿಯಲು 2.1 ಬೇಕೆನ್ನುತ್ತಾರೆ. ದೇಶದ ಜೈನರಲ್ಲಿ ಸುಮಾರು ಶೇ. 80 ಮಂದಿ ಪಟ್ಟಣವಾಸಿಗಳು. ಓದು ಹೆಚ್ಚಾದಂತೆ ಮದುವೆ ತಡವಾಗುತ್ತದೆ, ಬಾಡಿಗೆ, ಶಾಲೆಯ ಫೀಸು ನೋಡಿ ಒಂದೇ ಮಗು ಸಾಕೆನ್ನುತ್ತಾರೆ. ಇದರಲ್ಲಿ ಹೆಣ್ಣುಮಕ್ಕಳ ಓದನ್ನು ದೂರುವುದು ತಪ್ಪು. ಸಾಕ್ಷರತೆಯಲ್ಲಿ ಎಲ್ಲ ಧರ್ಮದವರಿಗಿಂತ ಮುಂದಿದ್ದೇವೆಂದು ಹೆಮ್ಮೆಪಡುವ ನಾವು ಆ ಓದಿನ ಫಲವನ್ನು ಬೈಯಬಾರದು.

ಮೂರನೆಯದು ಹೇಳಲು ನಾಚಿಕೆಯಾಗುತ್ತದೆ. 2011ರಲ್ಲಿ ದೇಶದ ಜೈನರಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 889 ಮಾತ್ರ. ದೇಶದ ಸರಾಸರಿ 918. ಇರುವೆಗೂ ನೋವಾಗಬಾರದೆಂದು ನೋಡಿ ನಡೆಯುವ ಧರ್ಮ ನಮ್ಮದು. ಹುಟ್ಟಬೇಕಾದ ಆ ಹೆಣ್ಣುಮಕ್ಕಳು ಎಲ್ಲಿ ಹೋದರು? ಇಂದು ‘ಹುಡುಗನಿಗೆ ಹೆಣ್ಣು ಸಿಗುತ್ತಿಲ್ಲ’ ಎಂದು ಅಳುವ ಮನೆಗಳು ಈ ಅಂಕಿಯನ್ನು ಒಮ್ಮೆ ನೋಡಬೇಕು. ಪ್ರವಚನಗಳಲ್ಲಿ ಮೂರು ಮಕ್ಕಳ ಮಾತಿಗಿಂತ ಮೊದಲು ಈ ಮಾತು ಬರಬೇಕು.

ಇನ್ನು ಊರು ಬಿಡುವುದು. ರಾಜ್ಯದಲ್ಲಿ ಅತಿ ಹೆಚ್ಚು ಜೈನರಿರುವುದು ಬೆಳಗಾವಿ ಜಿಲ್ಲೆಯಲ್ಲಿ. ಅಲ್ಲಿ ಬಹುಪಾಲು ಒಕ್ಕಲುತನದವರು. ಮಕ್ಕಳು ಓದಿ ಬೆಂಗಳೂರು, ಪುಣೆ ಸೇರುತ್ತಾರೆ. ಬಸದಿಯ ಸದಸ್ಯರ ಪಟ್ಟಿ ಬರೆಯುವ ಸೇವೆ ಮಾಡುವ ನಾನು ಕಂಡದ್ದು ಇಷ್ಟೇ: ಹೆಸರು ಊರಿನಲ್ಲಿದೆ, ಮನುಷ್ಯ ಊರಲ್ಲಿಲ್ಲ. ಹಬ್ಬಕ್ಕೆ ಬಸದಿ ತುಂಬುತ್ತದೆ. ದಿನನಿತ್ಯದ ಅಭಿಷೇಕಕ್ಕೆ ನಾಲ್ಕು ಮಂದಿ ಹಿರಿಯರು. ಇತ್ತ ಬೆಂಗಳೂರಿನಲ್ಲಿ ರಾಜಸ್ಥಾನ, ಗುಜರಾತಿನಿಂದ ಬಂದು ಮೂರು ತಲೆಮಾರಿನಿಂದ ನೆಲೆಸಿದ ಶ್ವೇತಾಂಬರ ಬಂಧುಗಳಿದ್ದಾರೆ. ಅಂಕಿಯಲ್ಲಿ ಎಲ್ಲರೂ ಒಂದೇ, ಬಾಳಿನಲ್ಲಿ ಇನ್ನೂ ಬೇರೆ ಬೇರೆ.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ್ದು ಮೂರು.

ಒಂದು, 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟ ಜನಗಣತಿಯಲ್ಲಿ ಧರ್ಮದ ಪ್ರಶ್ನೆಗೆ ‘ಜೈನ’ ಎಂದಷ್ಟೇ ಹೇಳಿ. ದಿಗಂಬರ, ಶ್ವೇತಾಂಬರ, ಚತುರ್ಥ, ಪಂಚಮ ಎಂಬುದನ್ನು ಧರ್ಮದ ಕಾಲಮ್ಮಿನಲ್ಲಿ ಬರೆಸಬೇಡಿ. ಜಾತಿಯ ಪ್ರಶ್ನೆ ಬೇರೆ, ಅದಕ್ಕೆ ಬೇರೆ ಉತ್ತರ. ಬರೆದುಕೊಂಡದ್ದನ್ನು ಓದಿಸಿ ಕೇಳಿ. ಮನೆಯ ಹಿರಿಯರಿಗೂ ಸೊಸೆಯಂದಿರಿಗೂ ಇದನ್ನು ಮೊದಲೇ ತಿಳಿಸಿಡಿ. 2014ರ ಜನವರಿ 27ರಂದು ಕೇಂದ್ರ ಸರ್ಕಾರ ನಮ್ಮನ್ನು ಅಲ್ಪಸಂಖ್ಯಾತರೆಂದು ಅಧಿಸೂಚಿಸಿತು. ನಮ್ಮ ಬಡ ಮಕ್ಕಳ ವಿದ್ಯಾರ್ಥಿವೇತನದ ಬೇಡಿಕೆಗೆ ಬಲ ಬರುವುದು ಸರಿಯಾದ ಲೆಕ್ಕದಿಂದಲೇ.

ಎರಡು, ಮದುವೆಯ ಗೋಡೆಗಳನ್ನು ತಗ್ಗಿಸೋಣ. ಜೈನರಲ್ಲೇ ಒಳಪಂಗಡ ನೋಡಿ ಸಂಬಂಧ ಬಿಡುವುದು ಇನ್ನೂ ಇದೆ. ಇಷ್ಟು ಚಿಕ್ಕ ಸಮಾಜಕ್ಕೆ ಇಷ್ಟೊಂದು ಬಾಗಿಲು, ಬೀಗ ಬೇಕೇ? ಹೊಲ ಮಾಡುವ ಹುಡುಗನಿಗೂ ಹೆಣ್ಣು ಕೊಡುವ ಮನಸ್ಸು ಬರಲಿ. ಮದುವೆಯ ಖರ್ಚೂ ಇಳಿಯಲಿ.

ಮೂರು, ಹೆಚ್ಚು ಮಕ್ಕಳು ಬೇಕೆನ್ನುವ ಸಮಾಜ ಆ ಮಕ್ಕಳ ಹಾಸ್ಟೆಲು, ಫೀಸಿಗೆ ಕೈಜೋಡಿಸಬೇಕು. ಒಂದು ಪಂಚಕಲ್ಯಾಣದ ಬೋಲಿಯಲ್ಲಿ ಏರುವ ಹಣದ ಒಂದು ಪಾಲು ಇದಕ್ಕೆ ಹೋದರೆ ಧರ್ಮಕ್ಕೇನೂ ಕೊರತೆಯಾಗದು.

ನಾವು ಹಿಂದೆಯೂ ಬಹುಸಂಖ್ಯಾತರಾಗಿ ಉಳಿದು ಬಂದವರಲ್ಲ. ಆದರೆ ಚಿಕ್ಕದಾಗಿರುವುದು ಬೇರೆ, ಲೆಕ್ಕಕ್ಕೇ ಸಿಗದಿರುವುದು ಬೇರೆ. ಗಣತಿದಾರರು ಬಾಗಿಲಿಗೆ ಬಂದಾಗ ಹತ್ತು ನಿಮಿಷ ಕೊಡಿ.