ಹೋದ ಸಲ ಹಾಕಿದ್ದು ಯಾರು?

ಭಾನುವಾರ ಮಧ್ಯಾಹ್ನದ ಊಟ ಮುಗಿಸಿ, ಒಂದು ನಿದ್ದೆ ತೆಗೆಯೋಣವೆಂದು ಚಾಪೆ ಹಾಸಿದ್ದೆ. ಅಷ್ಟರಲ್ಲಿ ಅಂಗಳದಿಂದ ಮಗನ ಕೂಗು ಕೇಳಿಸಿತು. ‘ಅಪ್ಪಾ, ಬೇಗ ಬಾ. ಇದು ಒಂಚೂರೂ ಅಲ್ಲಾಡ್ತಾ ಇಲ್ಲ!’

ಮಗ ಮೆಕ್ಯಾನಿಕಲ್ ಡಿಪ್ಲೊಮಾ ಎರಡನೇ ವರ್ಷದ ವಿದ್ಯಾರ್ಥಿ. ನಮ್ಮ ಹಳೆಯ ಮಾರುತಿ 800ರ ಎಂಜಿನ್ ಆಯಿಲ್ ಅನ್ನು ಈ ಸಲ ತಾನೇ ಬದಲಿಸುತ್ತೇನೆಂದು ಹಟ ಹಿಡಿದಿದ್ದ. ಪುಸ್ತಕದಲ್ಲಿ ಓದಿದ್ದನ್ನು ಕೈಯಿಂದಲೂ ಮಾಡಿ ನೋಡಲಿ ಎಂದು ನಾನೂ ಒಪ್ಪಿದ್ದೆ. ಹೊರಗೆ ಹೋಗಿ ನೋಡಿದರೆ ಹಳೆಯ ಆಯಿಲ್ ಎಲ್ಲ ಬಾಣಲಿಗೆ ಇಳಿದಾಗಿದೆ, ಆಯಿಲ್ ಫಿಲ್ಟರ್ ಮಾತ್ರ ಕದಲುತ್ತಿಲ್ಲ. ಮಗನ ಅಂಗೈ ಕೆಂಪಾಗಿದೆ. ಮರುದಿನ ಬೆಳಿಗ್ಗೆ ಮಗಳನ್ನು ಪ್ರವೇಶ ಪರೀಕ್ಷೆಯ ಕೇಂದ್ರಕ್ಕೆ ಬಿಡಬೇಕು. ಭಾನುವಾರವಾದ್ದರಿಂದ ಗ್ಯಾರೇಜುಗಳಿಗೆ ಬಾಗಿಲು. ಬಾಗಿಲಲ್ಲಿ ನಿಂತಿದ್ದ ನನ್ನಾಕೆ, ‘ಇವತ್ತೇ ಬೇಕಿತ್ತಾ ನಿಮ್ಮಿಬ್ಬರ ರಿಪೇರಿ?’ ಎಂದಳು. ಉತ್ತರ ಕೊಡುವ ಸ್ಥಿತಿಯಲ್ಲಿ ನಾವಿರಲಿಲ್ಲ.

ಆಯಿಲ್ ಫಿಲ್ಟರ್ ಎಂದರೆ ಏನೆಂದು ತಿಳಿಯದವರಿಗೆ ಎರಡು ಮಾತು. ಎಂಜಿನ್ ಒಳಗೆ ಓಡಾಡುವ ಎಣ್ಣೆಯಲ್ಲಿ ಮಸಿ, ಲೋಹದ ಸಣ್ಣ ಸಣ್ಣ ಕಣಗಳು ಸೇರಿಕೊಳ್ಳುತ್ತವೆ. ಅವನ್ನು ಸೋಸುವುದು ಈ ಡಬ್ಬಿಯ ಕೆಲಸ. ಅದರೊಳಗೆ ಮಡಿಕೆ ಮಡಿಕೆಯಾದ ಕಾಗದವಿರುತ್ತದೆ. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಕಾರಿಗೆ ಇಂಥದೊಂದು ಸಾಧನ ರೂಪಿಸಿ ‘ಪ್ಯೂರೊಲೇಟರ್’ ಎಂದು ಕರೆದರು. ‘ಪ್ಯೂರ್ ಆಯಿಲ್ ಲೇಟರ್’ ಎಂಬ ಮೂರು ಪದಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಈಗಿನ ಬಹಳಷ್ಟು ಫಿಲ್ಟರುಗಳು ಬಾಟಲಿಯ ಮುಚ್ಚಳದಂತೆ ತಿರುಪಿ ಕೂರಿಸುವಂಥವು. ಎಂಜಿನ್ನಿಗೂ ಡಬ್ಬಿಗೂ ನಡುವೆ ಒಂದು ರಬ್ಬರ್ ಉಂಗುರ. ಎಣ್ಣೆ ಸೋರದಂತೆ ತಡೆಯುವುದು ಅದೇ. ಕೈಕೊಟ್ಟರೆ ಡಬ್ಬಿಯನ್ನು ಹಿಡಿದು ಕೂರುವುದೂ ಅದೇ!

ಮಗ ಒಳಗೆ ಓಡಿ ದೊಡ್ಡ ಸ್ಕ್ರೂಡ್ರೈವರ್, ಸುತ್ತಿಗೆ ತಂದ. ‘ಡಬ್ಬಿಗೆ ಅಡ್ಡಲಾಗಿ ಇದನ್ನು ಹೊಡೆದು, ಹಿಡಿಯ ಹಾಗೆ ತಿರುಗಿಸಿದರೆ ಆಯ್ತಪ್ಪ’ ಎಂದ. ನಾನು ಹೂಂ ಅನ್ನುವವನೇ. ಅಷ್ಟರಲ್ಲಿ ಎದುರು ಮನೆಯ ಹಿರಿಯರು ಗೇಟಿನ ಹತ್ತಿರ ಬಂದು ನಿಂತರು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದವರು.

‘ಸುತ್ತಿಗೆ ಕೆಳಗಿಡು ಮಗಾ’ ಎಂದರು. ‘ತೂತು ಬೀಳೋವರೆಗೂ ನಿನಗೆ ದಾರಿ ಇದೆ. ಫಿಲ್ಟರ್ ಬರದೇ ಹೋದರೆ ಹೊಸ ಆಯಿಲ್ ತುಂಬಿಸಿ, ಹಳೇ ಫಿಲ್ಟರಲ್ಲೇ ನಾಳೆ ತಂಗಿಯನ್ನು ಬಿಟ್ಟು ಬಾ, ಗ್ಯಾರೇಜು ತೆಗೆದ ಮೇಲೆ ಬದಲಿಸಬಹುದು. ತೂತು ಬಿದ್ದ ಮೇಲೆ ಗಾಡಿ ಗೇಟೂ ದಾಟಲ್ಲ.’

ಆ ಡಬ್ಬಿಯ ತಗಡಿನ ದಪ್ಪ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಬಿಗಿಯಾಗಿ ಕೂತಿದ್ದರೆ ಸ್ಕ್ರೂಡ್ರೈವರ್ ತಗಡನ್ನು ಕಾಗದದಂತೆ ಹರಿಯುತ್ತದೆಯೇ ಹೊರತು ಡಬ್ಬಿ ತಿರುಗುವುದಿಲ್ಲ. ಆಮೇಲೆ ಹಿಡಿಯಲೂ ಏನೂ ಉಳಿಯುವುದಿಲ್ಲ.

ಹಿರಿಯರು ಮೊದಲು ಕಾರಿನ ಕೆಳಗೆ ಬಗ್ಗಿ ನೋಡಿದ್ದು ಫಿಲ್ಟರನ್ನಲ್ಲ, ಜಾಕನ್ನು. ಗಾಡಿ ಬರೀ ಜಾಕಿನ ಮೇಲೆ ನಿಂತಿತ್ತು. ಅವರ ಮುಖ ಗಂಭೀರವಾಯಿತು. ‘ಜಾಕ್ ಇರೋದು ಎತ್ತೋದಕ್ಕೆ, ಹೊತ್ತು ನಿಲ್ಲೋದಕ್ಕಲ್ಲ’ ಎಂದು ತಮ್ಮ ಮನೆಯಿಂದ ಎರಡು ಸ್ಟ್ಯಾಂಡು ತರಿಸಿ ಕೊಡಿಸಿದರು. ಹ್ಯಾಂಡ್‌ಬ್ರೇಕ್ ಎಳೆಸಿ, ಹಿಂದಿನ ಚಕ್ರಗಳಿಗೆ ಕಲ್ಲು ಇಡಿಸಿದರು. ಮಗ ಅದುವರೆಗೆ ಅರ್ಧ ಗಂಟೆ ಆ ಗಾಡಿಯಡಿಯಲ್ಲಿ ಮಲಗಿ ಎಳೆದಾಡಿದ್ದ. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ. ತಂದೆ ತಾಯಂದಿರೇ, ಮಕ್ಕಳು ಕೈ ಕೊಳೆ ಮಾಡಿಕೊಳ್ಳಲಿ, ಬೇಡವೆನ್ನಬೇಡಿ. ಆದರೆ ಈ ಒಂದು ವಿಷಯವನ್ನು ಮಾತ್ರ ನೀವೇ ನಿಂತು ನೋಡಿ.

ಆಮೇಲೆ ಅವರು ತಂದದ್ದು ಒಂದು ಪಟ್ಟಿ ರೆಂಚು. ಗಟ್ಟಿ ಪಟ್ಟಿಯೊಂದನ್ನು ಡಬ್ಬಿಗೆ ಸುತ್ತಿ, ಹಿಡಿಯಿಂದ ಎಳೆಯುವ ಸಾಧನ. ವಿದ್ಯಾರ್ಥಿಗಳು ಇದರ ಲೆಕ್ಕವನ್ನು ಗಮನಿಸಬೇಕು. ಫಿಲ್ಟರಿನ ವ್ಯಾಸ ಸುಮಾರು 7 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಕೈಯಿಂದ ತಿರುಗಿಸುವಾಗ ನಮ್ಮ ಬಲ ಬೀಳುವುದು ಕೇಂದ್ರದಿಂದ 3.5 ಸೆಂಟಿಮೀಟರ್ ದೂರದಲ್ಲಿ. ರೆಂಚಿನ ಹಿಡಿಯ ತುದಿ 21 ಸೆಂಟಿಮೀಟರ್ ದೂರದಲ್ಲಿದ್ದರೆ, ಅದೇ ಬಲಕ್ಕೆ ತಿರುಗುವ ಶಕ್ತಿ ಆರು ಪಟ್ಟು. ಕ್ಲಾಸಿನಲ್ಲಿ ‘ಟಾರ್ಕ್’ ಎಂದು ಬರೆದುಕೊಳ್ಳುವುದು ಇದನ್ನೇ.

ಹಾಗಾದರೆ ಪಟ್ಟಿ ಜಾರುವುದಿಲ್ಲವೇ? ಹಳ್ಳಿಯಲ್ಲಿ ಬೆದರಿದ ಎತ್ತನ್ನು ಹಿಡಿಯುವವರು ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕುವುದನ್ನು ನೀವು ನೋಡಿರಬಹುದು. ಎತ್ತು ಎಷ್ಟೇ ಜಗ್ಗಿದರೂ ಒಂದು ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಸುತ್ತು ಹೆಚ್ಚಿದಂತೆ ಹಿಡಿತ ಹೇಗೆ ಬೆಳೆಯುತ್ತದೆಂದು ಗಣಿತಜ್ಞ ಆಯ್ಲರ್ ಹದಿನೆಂಟನೇ ಶತಮಾನದಲ್ಲೇ ಲೆಕ್ಕ ಹಾಕಿದ್ದರು. ಘರ್ಷಣಾಂಕ 0.3 ಇದ್ದರೆ ಒಂದು ಸುತ್ತಿಗೆ ಸುಮಾರು ಆರೂವರೆ ಪಟ್ಟು, ಎರಡು ಸುತ್ತಿಗೆ ನಲವತ್ತಕ್ಕೂ ಹೆಚ್ಚು ಪಟ್ಟು! ಆದರೆ ಡಬ್ಬಿಯ ಮೇಲೆ ಎಣ್ಣೆ ಜಿಡ್ಡಿದ್ದರೆ ಘರ್ಷಣೆಯೇ ಇಲ್ಲ. ಅದಕ್ಕೇ ಹಿರಿಯರು ಮೊದಲು ಬಟ್ಟೆಯಲ್ಲಿ ಜಿಡ್ಡು ಒರೆಸಿ, ಡಬ್ಬಿಗೆ ಉಪ್ಪು ಕಾಗದ ಸುತ್ತಿಸಿದರು. ಪಟ್ಟಿಯನ್ನು ಎಂಜಿನ್ನಿಗೆ ಹತ್ತಿರ, ಡಬ್ಬಿಯ ಬುಡದಲ್ಲಿ ಹಾಕಿಸಿದರು. ಅಲ್ಲಿ ಒಳಗೆ ದಪ್ಪನೆಯ ತಟ್ಟೆ ಇರುವುದರಿಂದ ತಗಡು ನಜ್ಜಾಗುವುದಿಲ್ಲ.

ಮಗ ಎಳೆದ. ಪಟ್ಟಿ ಸರ್ರನೆ ಜಾರಿತು. ‘ತಿರುಗುಮುರುಗು ಸುತ್ತಿದ್ದೀಯ, ನೋಡು’ ಎಂದರು ಹಿರಿಯರು. ಎಳೆದ ದಿಕ್ಕಿಗೆ ಪಟ್ಟಿ ಬಿಗಿಯಾಗಬೇಕು, ಸಡಿಲವಾಗಬಾರದು. ಡಬ್ಬಿಯ ಮುಚ್ಚಿದ ತುದಿಯನ್ನು ಎದುರಿಗಿಟ್ಟುಕೊಂಡು ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಬೇಕು. ಬೇರೆ ಕಡೆಯಿಂದ ಕೈ ಹಾಕಿದವರು ಎಡಬಲ ಮರೆತು ಇನ್ನಷ್ಟು ಬಿಗಿ ಮಾಡುವುದೂ ಉಂಟು. ಸರಿಯಾಗಿ ಸುತ್ತಿ, ಜರ್ಕು ಕೊಡದೆ ನಿಧಾನವಾಗಿ ಎಳೆದ. ‘ಕಿರ್’ ಎಂದಿತು. ತಿರುಗಿತು!

ಹಿರಿಯರು ಡಬ್ಬಿ ಕೈಗೆ ತೆಗೆದುಕೊಂಡು ಬಾಯಿ ನೋಡಿದರು. ರಬ್ಬರ್ ಉಂಗುರ ಒಣಗಿ, ಚಪ್ಪಟೆಯಾಗಿ ಅಂಟಿಕೊಂಡಂತಿತ್ತು. ‘ಹೋದ ಸಲ ಇದನ್ನು ಹಾಕಿದ್ದು ಯಾರು?’ ಎಂದು ಕೇಳಿದರು.

ಹಾಕಿದವನು ನಾನೇ. ಉಂಗುರಕ್ಕೆ ಎಣ್ಣೆ ಸವರಿರಲಿಲ್ಲ. ‘ಸೋರಬಾರದು’ ಎಂದು ರೆಂಚಿನಲ್ಲಿ ಮೈಬಲವೆಲ್ಲ ಹಾಕಿ ಬಿಗಿದಿದ್ದೆ. ಎಂಜಿನ್ನಿನ ಬಿಸಿ ತಿಂಗಳುಗಟ್ಟಲೆ ಅದನ್ನು ಬೇಯಿಸಿತ್ತು. ಮಗನ ಅಂಗೈ ಸುಲಿದದ್ದು ನನ್ನ ಅತಿಜಾಣತನದಿಂದ. ಹೇಳದೆ ಸುಮ್ಮನಿರಬಹುದಿತ್ತು. ಮಗ ನನ್ನ ಮುಖವನ್ನೇ ನೋಡುತ್ತಿದ್ದ. ‘ನಾನೇ ಕಣೋ’ ಎಂದೆ. ಅವನು ನಕ್ಕುಬಿಟ್ಟ.

ಹೊಸ ಫಿಲ್ಟರನ್ನು ಹಿರಿಯರ ಮಾತಿನಂತೆ ಅವನೇ ಕೂರಿಸಿದ. ಹಳೆಯ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿ ಉಳಿದಿಲ್ಲವೆಂದು ಬೆರಳಾಡಿಸಿ ನೋಡಿದ. ಅದರ ಮೇಲೆ ಇನ್ನೊಂದು ಉಂಗುರ ಕೂತರೆ ಎಣ್ಣೆಯೆಲ್ಲ ಹೊರಗೆ ಚಿಮ್ಮುತ್ತದೆ. ಆ ಜಾಗವನ್ನು ಒರೆಸಿ, ಹೊಸ ಉಂಗುರಕ್ಕೆ ಹೊಸ ಎಣ್ಣೆ ಸವರಿ, ಅದು ತಾಗುವ ತನಕ ಕೈಯಲ್ಲಿ ತಿರುಗಿಸಿದ. ಮತ್ತೆ ಮುಕ್ಕಾಲು ಸುತ್ತು, ಅಷ್ಟೆ. ಕೆಲವು ಫಿಲ್ಟರುಗಳಿಗೆ ಈ ಲೆಕ್ಕ ಬೇರೆ, ಡಬ್ಬಿಯ ಮೇಲೆ ಬರೆದಿರುತ್ತದೆ. ಅಳತೆಯಂತೆ ಆಯಿಲ್ ತುಂಬಿಸಿ, ಗಾಡಿ ಚಾಲೂ ಮಾಡಿ, ಆಯಿಲ್ ದೀಪ ಆರಿದ್ದನ್ನೂ ಎಲ್ಲೂ ಸೋರದಿದ್ದುದನ್ನೂ ನೋಡಿದ ಮೇಲೆಯೇ ನನ್ನಾಕೆ ಕಾಫಿ ತಂದಳು.

ಹಿರಿಯರು ಕಾಫಿ ಕುಡಿಯುತ್ತ ಇನ್ನೆರಡು ಮಾತು ಹೇಳಿದರು. ಒಂದು, ಎಂಜಿನ್ ಸುಡುವಷ್ಟು ಬಿಸಿಯಿದ್ದಾಗ ಕೈ ಹಾಕಬಾರದು, ಉಗುರುಬೆಚ್ಚಗಿರಬೇಕು. ಎರಡು, ಆಯಿಲ್ ಇಳಿಸುವ ಮೊದಲೇ ಫಿಲ್ಟರ್ ಸಡಿಲವಾಗುತ್ತದೆಯೇ ಎಂದು ನೋಡಿಕೊಳ್ಳಬೇಕು. ಆಗದಿದ್ದರೆ ಗಾಡಿ ಓಡಿಸಿಕೊಂಡೇ ಗ್ಯಾರೇಜಿಗೆ ಹೋಗಬಹುದು.

ಹಳೆಯ ಎಣ್ಣೆಯನ್ನು ಗೆದ್ದಲಿಗೆಂದು ಬೇಲಿ ಕಂಬಕ್ಕೆ ಬಳಿಯೋಣವೆಂದೆ. ಈ ಸಲ ಬೇಡವೆಂದವನು ಮಗ. 2016ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ, ಮಣ್ಣಿಗೂ ಚರಂಡಿಗೂ ಹೋಗಬಾರದು ಎಂದು ಕಾಲೇಜಿನಲ್ಲಿ ಕಲಿತಿದ್ದನಂತೆ. ಕ್ಯಾನಿಗೆ ತುಂಬಿಸಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟು ಬಂದ.

ಮರುದಿನ ಮಗಳು ಅರ್ಧ ಗಂಟೆ ಮೊದಲೇ ಪರೀಕ್ಷಾ ಕೇಂದ್ರ ತಲುಪಿದಳು. ಗಾಡಿ ಓಡಿಸಿದವನು ಅಣ್ಣ. ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಮುಂದಿನ ಸಲ ಫಿಲ್ಟರ್ ಬಿಚ್ಚುವ ಸರದಿ ನನ್ನದು ಎಂದು ದಾರಿಯುದ್ದಕ್ಕೂ ಇಬ್ಬರೂ ಸೇರಿ ತೀರ್ಮಾನ ಮಾಡಿದರು.