ಆಮೆಗಳ ಕಾಳಗವೂ ನಮ್ಮ ಗೋಡೆಯೂ

ಆಮೆಯನ್ನು ಸಾಕಿದ ಮನೆಗೆ ಐಶ್ವರ್ಯ ಒದಗುವುದೆಂಬ ನಂಬಿಕೆ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆ ಇನ್ನೂ ಅಳಿದಿಲ್ಲ. ಒಂದಿದ್ದರೆ ಒಳ್ಳೆಯದು, ಜೋಡಿಯಿದ್ದರೆ ಮತ್ತೂ ಒಳ್ಳೆಯದೆಂದು ಎರಡನ್ನು ತಂದಿಟ್ಟುಕೊಳ್ಳುವವರೂ ಉಂಟು. ಮಳೆಗಾಲ ಹಿಡಿಯುತ್ತಲೇ ಕಷ್ಟ ಮೊದಲಾಗುತ್ತದೆ. ಸಾಧುಪ್ರಾಣಿಯೆಂದು ಹೆಸರಾದ ಆಮೆ ತನ್ನ ಜೊತೆಯದನ್ನು ಅಟ್ಟಿಸಿಕೊಂಡು ಹೋಗಿ ಚಿಪ್ಪಿನಿಂದ ಗುದ್ದುತ್ತದೆ, ಕಾಲನ್ನು ಕಚ್ಚುತ್ತದೆ. "ಇವುಗಳ ಜಗಳ ಬಿಡಿಸುವುದು ಹೇಗೆ ಸಾರ್?" ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು. ಭೌತವಿಜ್ಞಾನದ ಉಪನ್ಯಾಸಕನಿಗೆ ಕೇಳತಕ್ಕ ಪ್ರಶ್ನೆ ಇದಲ್ಲ. ಆದರೂ ಇದರ ಅರ್ಧ ಉತ್ತರ ಭೌತವಿಜ್ಞಾನದಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ.

ಮೊದಲು ಪ್ರಾಣಿಶಾಸ್ತ್ರದ ಮಾತು. ನಮ್ಮ ನಾಡಿನ ಕುರುಚಲು ಬಯಲುಗಳಲ್ಲಿ ವಾಸಿಸುವ ನಕ್ಷತ್ರ ಆಮೆಗೆ ಮಳೆಗಾಲವೇ ಸಂತಾನಕಾಲ. ಗಂಡು ಹೆಣ್ಣಿಗಿಂತ ಚಿಕ್ಕದು. ಅದರ ಹೊಟ್ಟೆಯ ಚಿಪ್ಪು ಒಳಕ್ಕೆ ತಗ್ಗಾಗಿರುತ್ತದೆ, ಬಾಲ ಉದ್ದವಾಗಿರುತ್ತದೆ. ಹೆಣ್ಣನ್ನು ಹಿಂಬಾಲಿಸುವುದು, ಢಿಕ್ಕಿ ಕೊಡುವುದು, ಕಾಲು ಕಚ್ಚಿ ನಿಲ್ಲಿಸುವುದು, ಇವೆಲ್ಲ ನೆಲದ ಮೇಲಿನ ಆಮೆಗಳಲ್ಲಿ ಪ್ರಣಯದ ಸಹಜವಾದ ಅಂಗಗಳು. ಎರಡು ಗಂಡುಗಳು ಎದುರಾದರೆ ಒಂದನ್ನೊಂದು ನೂಕಿ ಮಗುಚಿ ಹಾಕಲು ಯತ್ನಿಸುತ್ತವೆ. ಬಯಲಿನಲ್ಲಾದರೆ ಸೋತದ್ದು ಮುಖ ತಿರುಗಿಸಿ ಪೊದೆಯೊಳಗೆ ನಡೆದುಬಿಡುತ್ತದೆ. ಒಲ್ಲದ ಹೆಣ್ಣೂ ಹಾಗೆಯೇ. ಅಲ್ಲಿಗೆ ಕಾಳಗ ಮುಗಿಯಿತು.

ಈಗ ಲೆಕ್ಕಕ್ಕೆ ಬರೋಣ. ಒಂದು ಕಿಲೋಗ್ರಾಂ ತೂಕದ ಆಮೆ ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಿಂದ ಬಂದು ಗುದ್ದಿತೆನ್ನಿ. ಅದರ ಚಲನಶಕ್ತಿ ಕೇವಲ 0.02 ಜೌಲ್. ಅಷ್ಟೇ ತೂಕದ ಇನ್ನೊಂದು ಆಮೆಯನ್ನು ಈ ಶಕ್ತಿಯೆಲ್ಲವೂ ವ್ಯಯವಾಗಿ ಎತ್ತಿದರೂ ಅದು ಮೇಲೇರುವುದು ಎರಡು ಮಿಲಿಮೀಟರ್ ಮಾತ್ರ. ಗುಮ್ಮಟದಂಥ ಚಿಪ್ಪನ್ನು ಮಗುಚಲು ಇದು ಏನೇನೂ ಸಾಲದು. ಬಯಲಿನಲ್ಲಿ ಗುದ್ದು ತಿಂದ ಆಮೆ ಸ್ವಲ್ಪ ಜಾರುತ್ತದೆ, ಅಷ್ಟೆ. ಆದರೆ ಹಿಂದೆ ಗೋಡೆಯಿದ್ದರೆ? ಜಾರಲು ಎಡೆಯಿಲ್ಲ. ತಪ್ಪಿಸಿಕೊಳ್ಳಲು ಅದು ಗೋಡೆಗೆ ಮುಂಗಾಲಿಟ್ಟು ಏರಲು ಹವಣಿಸುತ್ತದೆ; ಬೆನ್ನಟ್ಟಿ ಬಂದದ್ದು ಕೆಳಗಿನಿಂದ ನೂಕುತ್ತಲೇ ಇರುತ್ತದೆ. ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಹಿಂಗಾಲುಗಳನ್ನು ದಾಟಿದೊಡನೆ ಆಮೆ ಬೆನ್ನ ಮೇಲೆ ಬೀಳುತ್ತದೆ. ಮೂಲೆಯಲ್ಲಂತೂ ಇದು ಇನ್ನೂ ಸುಲಭ. ಗುದ್ದುವ ಆಮೆಗಿಂತ ನಾವು ಕಟ್ಟಿದ ಗೋಡೆಯದೇ ಇಲ್ಲಿ ಹೆಚ್ಚಿನ ಅಪರಾಧ.

ಬಿದ್ದ ಆಮೆ ಏಳುವ ಬಗೆಯೂ ಸ್ವಾರಸ್ಯವಾದುದು. ಏಕರೂಪದ ವಸ್ತುವಿನಿಂದಾದ ಉಬ್ಬುಕಾಯವೊಂದಕ್ಕೆ ಒಂದೇ ಸ್ಥಿರ ಮತ್ತು ಒಂದೇ ಅಸ್ಥಿರ ಸಮತೋಲ ಸ್ಥಾನ ಇರಬಲ್ಲುದೆ ಎಂಬ ಪ್ರಶ್ನೆಯನ್ನು ರಷ್ಯದ ಗಣಿತಜ್ಞ ಆರ್ನಾಲ್ಡ್ 1995ರಲ್ಲಿ ಎತ್ತಿದರು. ಅಂಥ ಕಾಯವನ್ನು ಹಂಗೆರಿಯ ಡೊಮೊಕೊಶ್ ಮತ್ತು ವಾರ್ಕೊನ್ಯಿ 2006ರಲ್ಲಿ ರಚಿಸಿ ತೋರಿಸಿದರು. ಹೇಗೆ ಇಟ್ಟರೂ ತಾನಾಗಿ ಉರುಳಿ ನೆಟ್ಟಗಾಗುವ ಆ ಗೊಂಬೊಟ್ಸ್ ಎಂಬ ಆಕೃತಿ ನಮ್ಮ ನಕ್ಷತ್ರ ಆಮೆಯ ಚಿಪ್ಪನ್ನು ಬಹುಮಟ್ಟಿಗೆ ಹೋಲುತ್ತದೆ! ಎತ್ತರದ ಚಿಪ್ಪಿನ ಆಮೆ ಬಹುಪಾಲು ಉರುಳಿಯೇ ಏಳುತ್ತದೆ. ಕೊನೆಯ ಚೂರು ಒತ್ತಾಸೆಯನ್ನು ಕಾಲಿನಿಂದ ಕೊಟ್ಟುಕೊಳ್ಳುತ್ತದೆ. ಬಯಲಿನಲ್ಲಿ ಆ ಕಾಲಿಗೆ ಹುಲ್ಲಿನ ಬುಡವೋ ಕಲ್ಲೋ ಸಿಕ್ಕುತ್ತದೆ. ನುಣುಪಾದ ಸಿಮೆಂಟಿನ ನೆಲದಲ್ಲಿ ಏನು ಸಿಕ್ಕೀತು? ಆಮೆಯ ಶ್ವಾಸಕೋಶಗಳಿರುವುದು ಬೆನ್ನ ಚಿಪ್ಪಿನ ಅಡಿಯಲ್ಲಿ. ಮಗುಚಿದಾಗ ಕರುಳು ಮೊದಲಾದ ಅಂಗಗಳ ಭಾರವೆಲ್ಲ ಅವುಗಳ ಮೇಲೆ ಬೀಳುತ್ತದೆ. ಜೊತೆಗೆ ಬಿಸಿಲಿದ್ದರೆ, ನೆರಳಿಗೆ ಹೋಗಿ ಮೈ ತಣಿಸಿಕೊಳ್ಳಲಾರದ ಈ ಶೀತರಕ್ತ ಪ್ರಾಣಿ ಸತ್ತೇಹೋಗಬಹುದು.

ಈ ವಿಚಾರದಲ್ಲಿ ನಮ್ಮ ಸೀಮೆಯ ಮಾವುತರನ್ನು ನೋಡಿ ಕಲಿಯಬೇಕು. ದಸರೆಯ ಗಜಪಯಣ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಹೊರಡುವುದನ್ನು ನೀವೆಲ್ಲ ಬಲ್ಲಿರಿ. ಮದವೇರಿದ ಆನೆ, ಅದೆಷ್ಟೇ ಹೆಸರುವಾಸಿಯಾಗಿರಲಿ, ಆ ಸಾಲಿಗೆ ಸೇರದು. ಮದ ಇಳಿಯುವವರೆಗೆ ಅದನ್ನು ಬೇರೆಯಾಗಿ ಇಡುತ್ತಾರೆ. ಮದವನ್ನು ಹೊಡೆದು ಬಿಡಿಸಲಾಗದು, ದೂರವನ್ನು ಮಾತ್ರ ಕೊಡಬಹುದು ಎಂಬ ಈ ತಿಳಿವಳಿಕೆ ಆನೆಗೆಷ್ಟೋ ಆಮೆಗೂ ಅಷ್ಟೇ ಸಲ್ಲುತ್ತದೆ. ಜಗಳವಾಡುವ ಎರಡನ್ನು ಆ ದಿನವೇ ಬೇರ್ಪಡಿಸಬೇಕು. ನಡುವೆ ಜಾಲರಿ ಸಾಲದು. ಒಂದು ಇನ್ನೊಂದನ್ನು ಕಾಣುತ್ತಿರುವತನಕ ಜಾಲರಿಯನ್ನೇ ಗುದ್ದುತ್ತಿರುತ್ತವೆ. ಆಚೆ ಕಾಣದ ಹಲಗೆ ಬೇಕು. "ಸ್ವಲ್ಪ ದಿನ ಹೋದರೆ ಹೊಂದಿಕೊಳ್ಳುತ್ತವೆ" ಎನ್ನುವವರ ಮಾತನ್ನು ನಂಬಬೇಡಿ. ಎಡೆಬಿಡದೆ ಕಾಡಿಸಿಕೊಂಡ ಹೆಣ್ಣು ಮೇವು ಬಿಟ್ಟು ಸೊರಗುವುದನ್ನೇ ಅವರು ಹೊಂದಾಣಿಕೆಯೆಂದು ಭಾವಿಸಿರುತ್ತಾರೆ.

ಆದರೆ ನಕ್ಷತ್ರ ಆಮೆಯ ವಿಷಯದಲ್ಲಿ ಹಲಗೆಯ ಮಾತೂ ಅನಾವಶ್ಯಕ. ಅದನ್ನು ಹಿಡಿಯುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. 2022ರ ತಿದ್ದುಪಡಿ ಅದನ್ನು ಮೊದಲನೆಯ ಅನುಸೂಚಿಗೇ ಏರಿಸಿದೆ; 2019ರಿಂದ ಅಂತರರಾಷ್ಟ್ರೀಯ ವ್ಯಾಪಾರವೂ ನಿಷಿದ್ಧ. ಕಳ್ಳಸಾಗಣೆ ಎಷ್ಟು ದೂರ ಹಬ್ಬಿದೆಯೆಂದರೆ, ಸಿಂಗಪುರದಲ್ಲಿ ಸಿಕ್ಕಿದ 51 ನಕ್ಷತ್ರ ಆಮೆಗಳನ್ನು 2018ರಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತರಬೇಕಾಯಿತು. ಮನೆಯ ಅಂಗಳದಲ್ಲಿ ಅಂಥದೊಂದು ಇದ್ದರೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿ ಒಪ್ಪಿಸುವುದೇ ಸರಿಯಾದ ದಾರಿ. ರಾತ್ರಿ ಹೊತ್ತು ಕಾಡಂಚಿನಲ್ಲಿ ಬಿಟ್ಟು ಬರುವುದಲ್ಲ. ನಾಗರಹೊಳೆಯ ಕಡೆಯ ಮರಗಾಡು ಕುರುಚಲು ಬಯಲಲ್ಲ. ಸಾಕಿದ ಪ್ರಾಣಿಯೊಡನೆ ರೋಗವೂ ಕಾಡಿಗೆ ಹೋದೀತು.

ಅಂಗಡಿಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರುವ, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಪುಟ್ಟ ನೀರಾಮೆಯ ಕಥೆ ಬೇರೆ. ಅದು ಅಮೆರಿಕದ್ದು. ನಾಣ್ಯದಷ್ಟಿದ್ದದ್ದು ಊಟದ ತಟ್ಟೆಯಷ್ಟಾಗುತ್ತದೆ. ಬೆಳೆದ ಗಂಡು ತನ್ನ ಉದ್ದನೆಯ ಮುಂಗಾಲ ಉಗುರುಗಳನ್ನು ಹೆಣ್ಣಿನ ಮುಖದೆದುರು ಕಂಪಿಸುತ್ತದೆ, ಅದು ಒಲ್ಲದಿದ್ದರೆ ಕಚ್ಚುತ್ತದೆ. ಪೆಟ್ಟಿಗೆಯಲ್ಲಿ ಪಾರಾಗುವ ದಾರಿಯಿಲ್ಲ. ಆಗ ಬೇಸತ್ತ ಮನೆಯವರು ಪುಣ್ಯಕಾರ್ಯವೆಂದು ಭಾವಿಸಿ ಅದನ್ನು ಊರ ಕೆರೆಗೋ ಹೊಳೆಗೋ ಬಿಡುತ್ತಾರೆ. ಇದಕ್ಕಿಂತ ದೊಡ್ಡ ಅಪಕಾರವಿಲ್ಲ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರಿದೆ. ಬಿಸಿಲು ಕಾಯುವ ಜಾಗವನ್ನೂ ಆಹಾರವನ್ನೂ ಅದು ಅಲ್ಲಿನ ಆಮೆಗಳಿಂದ ಕಸಿಯುತ್ತದೆ. ನಮ್ಮ ಲಕ್ಷ್ಮಣತೀರ್ಥಕ್ಕೆ, ಕಾವೇರಿಗೆ, ಕಪಿಲೆಗೆ ಈ ಉಪದ್ರವ ಬೇಡ. ಈಗಾಗಲೇ ಕೊಂಡಿರುವವರು ಎರಡನೆಯ ತೊಟ್ಟಿಯೊಂದನ್ನು ಕಟ್ಟಿಸಿ, ಗಂಡನ್ನು ಅದರಲ್ಲಿ ಒಂಟಿಯಾಗಿ ಸಾಕಲಿ. ಅದರ ಆಯುಸ್ಸು ಇಪ್ಪತ್ತು, ಮೂವತ್ತು ವರ್ಷಗಳವರೆಗೂ ನಡೆದೀತು. ಕೊಳ್ಳಲು ಹೊರಟಿರುವವರು ಈ ಲೆಕ್ಕವನ್ನು ಅಂಗಡಿಯ ಬಾಗಿಲಲ್ಲಿಯೇ ಹಾಕಿಕೊಳ್ಳಲಿ.